ಈಸ್ಟ್ರೊಜೆನ್ ಔಷಧ: ಯಾರಿಗೆ ಬೇಕು, ಯಾರಿಗೆ ಬೇಡ

ಹೆಂಗಸರ ದೇಹದಲ್ಲಿ ಈಸ್ಟ್ರೊಜೆನ್ ಎಂಬ ಒಂದು ರಸವಸ್ತು ಉತ್ಪತ್ತಿಯಾಗುತ್ತದೆ. ಹುಡುಗಿ ಮೈನೆರೆಯುವುದು, ತಿಂಗಳ ಮುಟ್ಟು, ಬಸಿರು, ಮೂಳೆಗಳ ಗಟ್ಟಿತನ ಇವೆಲ್ಲ ಬಹುಮಟ್ಟಿಗೆ ಈ ರಸವನ್ನೇ ಅವಲಂಬಿಸಿವೆ. ಇದೇ ವಸ್ತು ಈಗ ಗುಳಿಗೆಯಾಗಿ, ಮೈಗೆ ಅಂಟಿಸುವ ಪಟ್ಟಿಯಾಗಿ, ಮುಲಾಮಾಗಿ ಔಷಧದ ಅಂಗಡಿಗಳಲ್ಲಿಯೂ ದೊರೆಯುತ್ತದೆ. ಕೆಲವರಿಗೆ ಇದು ಬಹಳ ಅಗತ್ಯವಾದ ಔಷಧ, ಕೆಲವರಿಗೆ ಅಪಾಯಕಾರಿ. ಈ ಭೇದವನ್ನು ಪ್ರತಿಯೊಂದು ಮನೆಯವರೂ ತಿಳಿದಿರುವುದು ಒಳ್ಳೆಯದು.

ಇದು ಹೆಂಗಸರ ವಿಷಯ, ನಮಗೇಕೆ ಎಂದು ಗಂಡಸರು ಈ ಪುಟವನ್ನು ಮಗುಚಿಬಿಡಬಾರದು. ಮನೆಯಾಕೆಯ ಗರ್ಭಕೋಶ ತೆಗೆಸಬೇಕೆ ಬೇಡವೆ ಎಂಬ ಮಾತು ಬಂದಾಗ ಸಾಲ ತರುವವರು, ಹಸು ಮಾರುವವರು, ಆಸ್ಪತ್ರೆಯ ಕಾಗದಕ್ಕೆ ರುಜು ಹಾಕುವವರು ಅನೇಕ ಮನೆಗಳಲ್ಲಿ ಗಂಡಸರೇ. ಆ ರುಜು ಹಾಕುವ ಮೊದಲು ತಿಳಿದಿರಬೇಕಾದ ಸಂಗತಿಗಳೂ ಈ ಲೇಖನದಲ್ಲಿವೆ.

ಈಸ್ಟ್ರೊಜೆನ್ ಎಂದರೇನು?

ನಮ್ಮ ದೇಹದಲ್ಲಿ ಕೆಲವು ಗ್ರಂಥಿಗಳಿವೆ. ಅವು ತಮ್ಮ ರಸವನ್ನು ನೇರವಾಗಿ ರಕ್ತಕ್ಕೆ ಬಿಡುತ್ತವೆ. ಈ ರಸಗಳಿಗೆ ಹಾರ್ಮೋನುಗಳೆಂದು ಹೆಸರು. ಒಂದು ಗ್ರಂಥಿಯಿಂದ ಹೊರಟ ಹಾರ್ಮೋನು ರಕ್ತದ ಮೂಲಕ ದೂರದ ಅಂಗವನ್ನು ಮುಟ್ಟಿ, ಅದು ಯಾವ ಕೆಲಸ ಮಾಡಬೇಕೆಂಬುದನ್ನು ತಿಳಿಸುತ್ತದೆ.

ಹೆಂಗಸರಲ್ಲಿ ಗರ್ಭಕೋಶದ ಎರಡು ಪಕ್ಕಗಳಲ್ಲಿ ಬಾದಾಮಿಯಷ್ಟು ಗಾತ್ರದ ಎರಡು ಅಂಡಾಶಯಗಳಿವೆ. ಈಸ್ಟ್ರೊಜೆನ್ ಮುಖ್ಯವಾಗಿ ಉತ್ಪತ್ತಿಯಾಗುವುದು ಇಲ್ಲಿಯೇ. ಗರ್ಭಕೋಶ ಬೇರೆ, ಅಂಡಾಶಯ ಬೇರೆ ಎಂಬುದನ್ನು ಓದುಗರು ಇಲ್ಲಿಯೇ ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು. ಮುಂದೆ ಹೇಳುವ ಮಾತುಗಳಿಗೆಲ್ಲ ಇದೇ ಆಧಾರ. ಗರ್ಭಕೋಶ ಮಗು ಬೆಳೆಯುವ ಚೀಲ. ಅಂಡಾಶಯ ಅಂಡವನ್ನೂ ಹಾರ್ಮೋನನ್ನೂ ಕೊಡುವ ಗ್ರಂಥಿ.

ಕೆರೆಯ ನೀರನ್ನು ಯಾವ ಗದ್ದೆಗೆ ಎಷ್ಟು ಬಿಡಬೇಕೆಂದು ನೋಡಿಕೊಳ್ಳಲು ನೀರಗಂಟಿ ಇರುವಂತೆ, ಅಂಡಾಶಯದಿಂದ ಎಷ್ಟು ಹಾರ್ಮೋನು ಹೊರಡಬೇಕೆಂದು ನೋಡಿಕೊಳ್ಳಲು ಮೆದುಳಿನ ಕೆಳಗೆ ಕಡಲೆಕಾಳಿನಷ್ಟು ದೊಡ್ಡದಾದ ಪಿಟ್ಯುಟರಿ ಎಂಬ ಗ್ರಂಥಿಯಿದೆ. ರಕ್ತದಲ್ಲಿ ಈಸ್ಟ್ರೊಜೆನ್ ಕಡಿಮೆಯಾದರೆ ಅದು ಹೆಚ್ಚು ಬಿಡುವಂತೆ ಅಂಡಾಶಯಕ್ಕೆ ಆಜ್ಞೆ ಕಳಿಸುತ್ತದೆ. ಸಾಕಾದಾಗ ತೂಬನ್ನು ಇಳಿಸುತ್ತದೆ. ಇಷ್ಟೆಲ್ಲ ಲೆಕ್ಕಾಚಾರ ನಡೆಯುವುದು ಬಹಳ ಸಣ್ಣ ಪ್ರಮಾಣದಲ್ಲಿ. ಅಮೆರಿಕದ ವಿಜ್ಞಾನಿ ಎಡ್ವರ್ಡ್ ಡಾಯ್ಸಿ ಮತ್ತು ಅವನ ಸಂಗಡಿಗರು 1930ರ ದಶಕದಲ್ಲಿ ಹೆಣ್ಣು ಹಂದಿಗಳ ಅಂಡಾಶಯಗಳನ್ನು ಟನ್ನುಗಟ್ಟಲೆ ತರಿಸಿ ಶೋಧಿಸಿದಾಗ ಅವರ ಕೈಗೆ ಬಂದ ಶುದ್ಧ ಹಾರ್ಮೋನು ಕೆಲವೇ ಮಿಲಿಗ್ರಾಂ. ಅಷ್ಟು ಅಲ್ಪವಾದುದು ಮೈಯೆಲ್ಲವನ್ನೂ ಆಳುತ್ತದೆ. ಆದುದರಿಂದ ಇದನ್ನು ಔಷಧವಾಗಿ ಕೊಡುವಾಗಲೂ ಅಳತೆ ತಪ್ಪಬಾರದು. ಅತಿಯಾದರೆ ಅಮೃತವೂ ವಿಷ ಎಂಬ ಮಾತು ಇಲ್ಲಿ ಸರಿಯಾಗಿ ಒಪ್ಪುತ್ತದೆ.

ಔಷಧವಾಗಿ ಬಂದ ಬಗೆ

ಈಸ್ಟ್ರೊಜೆನ್ ಜಾತಿಯ ಹಾರ್ಮೋನನ್ನು ಮೊಟ್ಟಮೊದಲು ಶುದ್ಧರೂಪದಲ್ಲಿ ಬೇರ್ಪಡಿಸಿದ್ದು 1929ರಲ್ಲಿ. ಅಮೆರಿಕದಲ್ಲಿ ಡಾಯ್ಸಿ, ಜರ್ಮನಿಯಲ್ಲಿ ಬುಟೆನಾಂಟ್ ಇಬ್ಬರೂ ಬೇರೆ ಬೇರೆಯಾಗಿ ದುಡಿದು ಅದನ್ನು ಸಾಧಿಸಿದರು. ಅನಂತರ ಗಬ್ಬದ ಕುದುರೆಯ ಮೂತ್ರದಲ್ಲಿ ಈ ವಸ್ತು ಧಾರಾಳವಾಗಿದೆ ಎಂದು ತಿಳಿದುಬಂತು. ಅದರಿಂದ ತಯಾರಿಸಿದ ಪ್ರೆಮರಿನ್ ಎಂಬ ಗುಳಿಗೆಗೆ 1942ರಲ್ಲಿ ಅಮೆರಿಕ ಸರ್ಕಾರದ ಒಪ್ಪಿಗೆ ದೊರೆಯಿತು. ಮುಟ್ಟು ನಿಲ್ಲುವ ಕಾಲದ ತೊಂದರೆಗಳಿಗೆ ಇದನ್ನು ಲಕ್ಷಾಂತರ ಮಂದಿ ನುಂಗಿದರು. ಈಗ ಸಸ್ಯಗಳಿಂದ ತೆಗೆದ ವಸ್ತುವನ್ನು ಮಾರ್ಪಡಿಸಿ, ಅಂಡಾಶಯ ಕೊಡುವ ಹಾರ್ಮೋನನ್ನೇ ಹೋಲುವ ಎಸ್ಟ್ರಡಯಾಲ್ ಎಂಬುದನ್ನು ಕಾರ್ಖಾನೆಗಳಲ್ಲಿ ತಯಾರಿಸುತ್ತಾರೆ.

ಯಾವ ಯಾವ ಸಂದರ್ಭಗಳಲ್ಲಿ ಇದರ ಉಪಯೋಗ?

1. ಮುಟ್ಟು ನಿಲ್ಲುವ ಕಾಲದ ತೊಂದರೆಗೆ. ನಮ್ಮ ದೇಶದ ಹೆಂಗಸರಿಗೆ ಸಾಮಾನ್ಯವಾಗಿ 46–47 ವಯಸ್ಸಿನ ಸುಮಾರಿಗೆ ಮುಟ್ಟು ನಿಲ್ಲುತ್ತದೆ. ಪಶ್ಚಿಮದ ದೇಶಗಳಲ್ಲಿ ಇದು 51ರ ಸುಮಾರಿಗೆ. ಬೇಸಗೆಯಲ್ಲಿ ಕೆರೆಯ ನೀರು ಇಳಿಯುವಂತೆ ಈಸ್ಟ್ರೊಜೆನ್ ಕ್ರಮವಾಗಿ ಇಳಿಯುತ್ತದೆ. ಆಗ ಕೆಲವರಿಗೆ ಇದ್ದಕ್ಕಿದ್ದಂತೆ ಮೈಯೆಲ್ಲ ಝಳ ಹೊಡೆದಂತಾಗಿ ಬೆವರು ಕಿತ್ತುಕೊಂಡು ಬರುತ್ತದೆ. ರಾತ್ರಿ ನಿದ್ರೆ ಬಾರದು. ಮನಸ್ಸಿಗೆ ಕಿರಿಕಿರಿ. ಇದು ರೋಗವಲ್ಲ, ಗಾಳಿ ಸೋಂಕಿದ್ದೂ ಅಲ್ಲ. ಎಲ್ಲರಿಗೂ ಔಷಧ ಬೇಕಿಲ್ಲ. ಅನೇಕರಿಗೆ ಸ್ವಲ್ಪ ಕಾಲದಲ್ಲಿ ತಾನಾಗಿ ಹಿಡಿತಕ್ಕೆ ಬರುತ್ತದೆ. ಹೊಲದ ಕೆಲಸಕ್ಕೆ, ನಿದ್ರೆಗೆ ಭಂಗ ಬರುವಷ್ಟು ತೊಂದರೆಯಿದ್ದವರಿಗೆ ಈಸ್ಟ್ರೊಜೆನ್‌ನಷ್ಟು ಚೆನ್ನಾಗಿ ಕೆಲಸ ಮಾಡುವ ಬೇರೆ ಔಷಧವಿಲ್ಲ.

2. ಮೂತ್ರದ ಉರಿ ಮತ್ತು ಒಳಗಿನ ಒಣಗುವಿಕೆಗೆ. ಮುಟ್ಟು ನಿಂತ ಮೇಲೆ ಜನನಾಂಗದ ಒಳಪೊರೆ ತೆಳುವಾಗಿ ಒಣಗುತ್ತದೆ. ಅದರಿಂದ ಉರಿ, ನೋವು, ಮೇಲಿಂದ ಮೇಲೆ ಮೂತ್ರದ ಸೋಂಕು ಬರಬಹುದು. ನಾಚಿಕೆಯಿಂದ ಎಷ್ಟೋ ಮಂದಿ ತಾಯಂದಿರು ಇದನ್ನು ಹೇಳಿಕೊಳ್ಳದೆ ವರ್ಷಗಟ್ಟಲೆ ಸಹಿಸುತ್ತಾರೆ. ಒಳಗೆ ಹಚ್ಚುವ ಈಸ್ಟ್ರೊಜೆನ್ ಮುಲಾಮು ಇದಕ್ಕೆ ಒಳ್ಳೆಯ ಪರಿಹಾರ. ಇದು ರಕ್ತಕ್ಕೆ ಸೇರುವುದು ಬಹಳ ಕಡಿಮೆಯಾದ್ದರಿಂದ ಗುಳಿಗೆಯಷ್ಟು ಭಯ ಇಲ್ಲ.

3. ಬೇಗನೆ ಮುಟ್ಟು ನಿಂತವರಿಗೆ. ನೂರು ಮಂದಿಯಲ್ಲಿ ಒಬ್ಬರಿಗಾದರೂ 40 ವರ್ಷ ತುಂಬುವ ಮೊದಲೇ ಅಂಡಾಶಯಗಳು ಕೆಲಸ ನಿಲ್ಲಿಸುತ್ತವೆ. ಇವರ ಮೂಳೆ ಬೇಗ ಟೊಳ್ಳಾಗುತ್ತದೆ. ಹೃದಯದ ಕಾಯಿಲೆಯ ಸಂಭವವೂ ಹೆಚ್ಚು. ಇವರಿಗೆ ಈಸ್ಟ್ರೊಜೆನ್ ಕೊಡುವುದು ದೇಹದಲ್ಲಿ ಇರಬೇಕಾದುದನ್ನು ತುಂಬಿಕೊಡುವುದೇ ಹೊರತು ಹೆಚ್ಚಿನದನ್ನು ಸೇರಿಸುವುದಲ್ಲ.

4. ಮೈನೆರೆಯದ ಹುಡುಗಿಯರಿಗೆ. ಹುಟ್ಟುವ ಹೆಣ್ಣುಮಕ್ಕಳಲ್ಲಿ ಸುಮಾರು 2,500ಕ್ಕೆ ಒಬ್ಬಳಿಗೆ ಟರ್ನರ್ ಎಂಬ ಹುಟ್ಟುದೋಷವಿರುತ್ತದೆ. ಇಂಥ ಹುಡುಗಿಯರು ಗಿಡ್ಡವಾಗಿರುತ್ತಾರೆ. ಬಹಳ ಮಂದಿಯಲ್ಲಿ ಅಂಡಾಶಯ ಸರಿಯಾಗಿ ಬೆಳೆದಿರುವುದಿಲ್ಲ. 11–12 ವಯಸ್ಸಿಗೆ ಬಹಳ ಕಡಿಮೆ ಪ್ರಮಾಣದಲ್ಲಿ ಈಸ್ಟ್ರೊಜೆನ್ ಆರಂಭಿಸಿ, ಎರಡು ಮೂರು ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿದರೆ ಮೈ ಸಹಜವಾಗಿ ಬೆಳೆಯುತ್ತದೆ, ಮೂಳೆ ಬಲಿಯುತ್ತದೆ. 13 ತುಂಬಿದರೂ ಎದೆ ಮೂಡದಿದ್ದರೆ, 15 ತುಂಬಿದರೂ ಮುಟ್ಟಾಗದಿದ್ದರೆ ಹರಕೆ ಹೊತ್ತು ಕಾಯುತ್ತ ಕೂಡದೆ ವೈದ್ಯರಿಗೆ ತೋರಿಸಬೇಕು.

5. ಗರ್ಭನಿರೋಧಕ ಗುಳಿಗೆಯಲ್ಲಿ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಕೊಡುವ ಮಾಲಾ–ಎನ್ ಗುಳಿಗೆಯಲ್ಲಿ ಈಸ್ಟ್ರೊಜೆನ್ ಜಾತಿಯ ವಸ್ತು 0.03 ಮಿಲಿಗ್ರಾಂ ಇದೆ. ಜೊತೆಗೆ ಇನ್ನೊಂದು ಹಾರ್ಮೋನಿದೆ. 28ರ ಪಟ್ಟಿಯಲ್ಲಿ 21 ಹಾರ್ಮೋನಿನವು, ಉಳಿದ 7 ಕಬ್ಬಿಣಾಂಶದವು. ಮಗುವಿಗೆ ಮೊದಲ ಆರು ತಿಂಗಳು ಎದೆಹಾಲು ಕೊಡುತ್ತಿರುವ ತಾಯಿ ಇದನ್ನು ತೆಗೆದುಕೊಳ್ಳಬಾರದು. ಅಂಥವರಿಗೆ ಛಾಯಾ ಎಂಬ ಹಾರ್ಮೋನಿಲ್ಲದ ಗುಳಿಗೆ ಉಂಟು. ಇದನ್ನು ಕಂಡುಹಿಡಿದದ್ದು ನಮ್ಮ ದೇಶದಲ್ಲಿಯೇ, ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ.

6. ಗಂಡಸರ ಒಂದು ಕ್ಯಾನ್ಸರಿಗೆ. ಗಂಡಸರ ಮೂತ್ರಕೋಶದ ಬುಡದಲ್ಲಿರುವ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರು ಪುರುಷ ಹಾರ್ಮೋನಿನಿಂದ ಬೆಳೆಯುತ್ತದೆ, ಈಸ್ಟ್ರೊಜೆನ್ ಕೊಟ್ಟರೆ ಕುಗ್ಗುತ್ತದೆ ಎಂದು ಷಿಕಾಗೋ ನಗರದ ಚಾರ್ಲ್ಸ್ ಹಗಿನ್ಸ್ 1941ರಲ್ಲಿ ತೋರಿಸಿದನು. ಇದಕ್ಕಾಗಿ ಅವನಿಗೆ 1966ರಲ್ಲಿ ನೊಬೆಲ್ ಬಹುಮಾನ ಬಂತು. ಗುಳಿಗೆಯ ಈಸ್ಟ್ರೊಜೆನ್‌ನಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಕಂಡುಬಂದುದರಿಂದ ಈಗ ಸಾಮಾನ್ಯವಾಗಿ ಬೇರೆ ಔಷಧಗಳನ್ನು ಮೊದಲು ಕೊಡುತ್ತಾರೆ.

7. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವವರಿಗೆ. ಇಂಥವರು ನಮ್ಮ ಊರುಗಳಲ್ಲಿ ಹಿಂದಿನಿಂದಲೂ ಇದ್ದಾರೆ. ಇವರ ಚಿಕಿತ್ಸೆಯಲ್ಲಿಯೂ ಈಸ್ಟ್ರೊಜೆನ್ ಬಳಕೆಯಲ್ಲಿದೆ. 2019ರ ಕೇಂದ್ರ ಕಾಯಿದೆ ಇವರಿಗೆ ಹಾರ್ಮೋನು ಚಿಕಿತ್ಸೆಯ ಸೌಕರ್ಯ ಒದಗಿಸಬೇಕೆಂದು ಸರ್ಕಾರಗಳಿಗೆ ವಿಧಿಸಿದೆ. ನಾಚಿಕೆಗೋ ಜನರ ಹಾಸ್ಯಕ್ಕೋ ಅಂಜಿ, ಅಂಗಡಿಯಿಂದ ಗರ್ಭನಿರೋಧಕ ಗುಳಿಗೆಗಳನ್ನು ತಂದು ಒಟ್ಟೊಟ್ಟಿಗೆ ನುಂಗುವುದು ಪ್ರಾಣಾಪಾಯಕ್ಕೆ ದಾರಿ. ಆ ಗುಳಿಗೆಗಳಲ್ಲಿರುವ ಬಗೆಯ ಈಸ್ಟ್ರೊಜೆನ್ ರಕ್ತವನ್ನು ಹೆಚ್ಚು ಹೆಪ್ಪುಗಟ್ಟಿಸುತ್ತದೆ. ಇವರನ್ನು ಗೌರವದಿಂದ ಕಂಡು ಆಸ್ಪತ್ರೆಗೆ ಕರೆದೊಯ್ಯುವುದು ಊರಿನವರ ಕರ್ತವ್ಯ.

ಗರ್ಭಕೋಶ ತೆಗೆಸುವ ಮುನ್ನ

ಈಗ ನಮ್ಮ ಹಳ್ಳಿಗಳಿಗೆ ಅತ್ಯಂತ ಹತ್ತಿರದ ಮಾತು. ಬಿಳುಪು ಹೋಗುತ್ತದೆ, ಸೊಂಟ ನೋಯುತ್ತದೆ, ಮುಟ್ಟಿನಲ್ಲಿ ಹೆಚ್ಚು ಹೋಗುತ್ತದೆ ಎಂದು ಹೋದ ಮೂವತ್ತರ ಹೆಂಗಸಿಗೆ, “ಮಕ್ಕಳಾಗಿವೆಯಲ್ಲ, ಗರ್ಭಕೋಶ ಇನ್ನೇಕೆ? ಬಿಟ್ಟರೆ ಕ್ಯಾನ್ಸರ್ ಆದೀತು” ಎಂದು ಹೆದರಿಸಿ ತೆಗೆಸುವ ಪದ್ಧತಿ ಕೆಲವು ಕಡೆ ಬೆಳೆದಿದೆ. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು ಮೂವರು ಗರ್ಭಕೋಶ ತೆಗೆಸಿಕೊಂಡಿದ್ದರು. ನೆರೆಯ ಆಂಧ್ರಪ್ರದೇಶದಲ್ಲಿ ಇದು ನೂರಕ್ಕೆ ಸುಮಾರು ಒಂಬತ್ತು. ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ ಕಬ್ಬು ಕಡಿಯಲು ಹೋಗುವ ಹೆಂಗಸರ ವಿಷಯವಾಗಿ 2019ರಲ್ಲಿ ಆ ಸರ್ಕಾರ ವಿಚಾರಣೆ ನಡೆಸಿದಾಗ, ಕೇಳಿದ ಸುಮಾರು 82,000 ಹೆಂಗಸರಲ್ಲಿ 13,000ಕ್ಕೂ ಮೇಲ್ಪಟ್ಟು ಮಂದಿಗೆ ಗರ್ಭಕೋಶ ಇರಲಿಲ್ಲ. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಸರ್ಕಾರ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅದನ್ನು ಜಾರಿಗೆ ತರಬೇಕೆಂದು ಸರ್ವೋಚ್ಚ ನ್ಯಾಯಾಲಯವು 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೂ ಆದೇಶ ಕೊಟ್ಟಿತು.

ಗರ್ಭಕೋಶ ತೆಗೆಯಲೇಬೇಕಾದ ಸಂದರ್ಭಗಳು ಇಲ್ಲದಿಲ್ಲ. ಕ್ಯಾನ್ಸರು, ಔಷಧಕ್ಕೆ ಬಗ್ಗದ ರಕ್ತಸ್ರಾವ, ದೊಡ್ಡ ಗೆಡ್ಡೆ, ಗರ್ಭಕೋಶ ಪೂರ್ತಿ ಜಾರಿರುವುದು ಇವು ಅಂಥವು. ಆದರೆ ಬಿಳುಪು ಹೋಗುವುದಕ್ಕೆ, ಬರಿಯ ಸೊಂಟನೋವಿಗೆ ಗರ್ಭಕೋಶ ತೆಗೆಯುವುದು ಮದ್ದಲ್ಲ.

ಇಲ್ಲಿ ಹಾರ್ಮೋನಿನ ಸಂಬಂಧವೇನೆಂದರೆ, ಎಷ್ಟೋ ವೇಳೆ ಗರ್ಭಕೋಶದ ಜೊತೆಗೆ ಎರಡು ಅಂಡಾಶಯಗಳನ್ನೂ ತೆಗೆದುಬಿಡುತ್ತಾರೆ. ಮನೆಯವರಿಗೆ ಇದು ತಿಳಿದಿರುವುದೇ ಇಲ್ಲ. ವಯಸ್ಸಿಗೆ ತಕ್ಕಂತೆ ಮುಟ್ಟು ನಿಲ್ಲುವುದು ಕೆರೆ ಬೇಸಗೆಯಲ್ಲಿ ಇಳಿದಂತೆ ಎಂದೆವು. ಅಂಡಾಶಯ ತೆಗೆಯುವುದು ಏರಿ ಒಡೆದು ಒಂದೇ ರಾತ್ರಿಯಲ್ಲಿ ಕೆರೆ ಬರಿದಾದಂತೆ. 32 ವರ್ಷದ ಹೆಂಗಸಿಗೆ ಹೀಗಾದರೆ ಝಳ, ಬೆವರು, ನಿದ್ರೆಗೇಡು ಬಲವಾಗಿ ಬರುತ್ತವೆ. ಕಣ್ಣಿಗೆ ಕಾಣದಂತೆ ಮೂಳೆ ಸವೆಯುತ್ತ ಹೋಗುತ್ತದೆ. ಐವತ್ತಕ್ಕೆ ಮೊದಲೇ ಬೆನ್ನು ಬಾಗಿ, ಎಡವಿ ಬಿದ್ದರೆ ತೊಡೆಯ ಮೂಳೆ ಮುರಿಯುವ ಸ್ಥಿತಿ ಬರಬಹುದು. ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಸಾವಿರಾರು ಹೆಂಗಸರನ್ನು ಹಲವು ವರ್ಷ ಗಮನಿಸಿ 2006ರಲ್ಲಿ ಪ್ರಕಟಿಸಿದ ವರದಿಯಂತೆ, 45 ವರ್ಷಕ್ಕೆ ಮೊದಲು ಎರಡು ಅಂಡಾಶಯಗಳನ್ನೂ ಕಳೆದುಕೊಂಡವರಲ್ಲಿ ಸಾವು ಹೆಚ್ಚು. ಅದರಲ್ಲಿಯೂ ಈಸ್ಟ್ರೊಜೆನ್ ತೆಗೆದುಕೊಳ್ಳದವರಲ್ಲಿ ಹೆಚ್ಚು.

ಆದುದರಿಂದ ಎಳೆಯ ವಯಸ್ಸಿನಲ್ಲಿ ಎರಡು ಅಂಡಾಶಯಗಳೂ ಹೋದವರಿಗೆ, ಬೇರೆ ಅಡ್ಡಿಯಿಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ, ಅಂದರೆ ಐವತ್ತರ ಸುಮಾರಿನವರೆಗೆ, ಈಸ್ಟ್ರೊಜೆನ್ ಕೊಡಬೇಕೆಂಬುದು ವೈದ್ಯರ ಒಮ್ಮತ. ಶಸ್ತ್ರಕ್ರಿಯೆಗೆ ಒಪ್ಪುವ ಮೊದಲು ಮನೆಯವರು ವೈದ್ಯರನ್ನು ಈ ನಾಲ್ಕು ಪ್ರಶ್ನೆ ಕೇಳಲೇಬೇಕು:

ಒಂದು: ಔಷಧದಿಂದ ಗುಣವಾಗುವುದಿಲ್ಲವೆ? ಅದನ್ನು ಪ್ರಯತ್ನಿಸಿ ನೋಡಿದ್ದಾಯಿತೆ?
ಎರಡು: ಗರ್ಭಕೋಶ ಮಾತ್ರ ತೆಗೆಯುವಿರೋ, ಅಂಡಾಶಯಗಳನ್ನೂ ತೆಗೆಯುವಿರೋ?
ಮೂರು: ಅಂಡಾಶಯ ತೆಗೆಯಲು ಕಾರಣವೇನು? ಒಂದನ್ನಾದರೂ ಉಳಿಸಬಹುದೆ?
ನಾಲ್ಕು: ಎರಡನ್ನೂ ತೆಗೆದರೆ ಮುಂದೆ ಹಾರ್ಮೋನು ಕೊಡುವಿರಾ? ಎಷ್ಟು ವರ್ಷ?

ಹೀಗೆ ಕೇಳಿದರೆ ಒಳ್ಳೆಯ ವೈದ್ಯರು ಬೇಸರಪಡುವುದಿಲ್ಲ. ಉತ್ತರ ಒಪ್ಪಿಗೆಯಾಗದಿದ್ದರೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಸ್ತ್ರೀರೋಗ ವೈದ್ಯರಿಗೆ ಇನ್ನೊಮ್ಮೆ ತೋರಿಸಿ. ಕೋಣೆಯಲ್ಲಿ ಒಂದು ದಿನ ತಡವಾದರೆ ಎತ್ತೇನೂ ಓಡಿಹೋಗದು. ತೆಗೆದ ಅಂಗ ಮಾತ್ರ ಮತ್ತೆ ಬಾರದು.

ಈಗಾಗಲೇ ಶಸ್ತ್ರಕ್ರಿಯೆ ಆಗಿದ್ದರೆ ಆಸ್ಪತ್ರೆಯಿಂದ ಬಿಡುವಾಗ ಕೊಟ್ಟ ಚೀಟಿಯನ್ನು ಹುಡುಕಿ ತೆಗೆಯಿರಿ. ಅದರಲ್ಲಿ ಅಂಡಾಶಯಗಳ ವಿಷಯ ಬರೆದಿರುತ್ತದೆ. ಅದನ್ನು ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿ ಸಲಹೆ ಕೇಳಿ. ಪಹಣಿ, ಕ್ರಯಪತ್ರಗಳನ್ನು ಜೋಪಾನ ಮಾಡುವಂತೆ ಈ ಚೀಟಿಯನ್ನೂ ಪೆಟ್ಟಿಗೆಯಲ್ಲಿಡಬೇಕು. ಅಂಡಾಶಯಗಳು ಉಳಿದಿದ್ದರೆ ಅವು ಹಾರ್ಮೋನನ್ನು ಕೊಡುತ್ತಲೇ ಇರುತ್ತವೆ. ಆದರೆ ಕೆಲವರಲ್ಲಿ ಸಹಜಕ್ಕಿಂತ ಕೆಲವು ವರ್ಷ ಮೊದಲೇ ಬತ್ತುವುದುಂಟು. ಮುಟ್ಟು ಇಲ್ಲದ ಕಾರಣ ಅದು ಗೊತ್ತಾಗುವುದಿಲ್ಲ; ಝಳ, ಬೆವರು ಬಂದರೆ ತೋರಿಸಿಕೊಳ್ಳಬೇಕು.

ಅನುಭವ ಕಲಿಸಿದ ಪಾಠಗಳು

ಈ ಔಷಧದ ಚರಿತ್ರೆಯಲ್ಲಿ ಒಳಿತಿನೊಡನೆ ಅನಾಹುತಗಳೂ ನಡೆದಿವೆ. ಅವುಗಳಿಂದಲೇ ಇಂದಿನ ಎಚ್ಚರಿಕೆಗಳು ಹುಟ್ಟಿದವು.

ಮೊದಲನೆಯದು ಡಯೆತೈಲ್‌ಸ್ಟಿಲ್‌ಬೆಸ್ಟ್ರಾಲ್ ಎಂಬ ಕೃತಕ ಈಸ್ಟ್ರೊಜೆನ್‌ನ ಕಥೆ. 1938ರಲ್ಲಿ ಇಂಗ್ಲೆಂಡಿನಲ್ಲಿ ಇದನ್ನು ತಯಾರಿಸಿದರು. ಗರ್ಭ ಇಳಿಯದಿರಲೆಂದು ಅಮೆರಿಕದಲ್ಲಿ ಇದನ್ನು ಬಸುರಿಯರಿಗೆ ಧಾರಾಳವಾಗಿ ಕೊಟ್ಟರು. ಇದರಿಂದ ಗರ್ಭ ನಿಲ್ಲುವುದಿಲ್ಲವೆಂದು 1953ರಲ್ಲಿಯೇ ಪರೀಕ್ಷೆಯಿಂದ ತಿಳಿದರೂ ಬಳಕೆ ನಿಲ್ಲಲಿಲ್ಲ. 1971ರಲ್ಲಿ ಬಾಸ್ಟನ್ ನಗರದ ವೈದ್ಯರು ಹದಿಹರೆಯದ ಮತ್ತು ಇಪ್ಪತ್ತರ ಆಸುಪಾಸಿನ ಎಂಟು ಮಂದಿಯಲ್ಲಿ ಬಹಳ ಅಪರೂಪದ ಕ್ಯಾನ್ಸರನ್ನು ಕಂಡರು. ವಿಚಾರಿಸಿದರೆ ಎಂಟರಲ್ಲಿ ಏಳು ಮಂದಿಯ ತಾಯಂದಿರು ಬಸುರಿಯಾಗಿದ್ದಾಗ ಈ ಗುಳಿಗೆ ನುಂಗಿದ್ದರು. ತಾಯಿ ನುಂಗಿದ್ದು ಮಗಳಿಗೆ ಇಪ್ಪತ್ತು ವರ್ಷದ ಮೇಲೆ ತಾಗಿತು. ಬಸುರಿಯಲ್ಲಿ ವೈದ್ಯರನ್ನು ಕೇಳದೆ ಯಾವ ಗುಳಿಗೆಯನ್ನೂ ನುಂಗಬಾರದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಎರಡನೆಯದು 1975ರಲ್ಲಿ ತಿಳಿದುಬಂತು. ಗರ್ಭಕೋಶ ಇರುವ ಹೆಂಗಸಿಗೆ ಈಸ್ಟ್ರೊಜೆನ್ ಒಂದನ್ನೇ ವರ್ಷಗಟ್ಟಲೆ ಕೊಟ್ಟರೆ ಗರ್ಭಕೋಶದ ಒಳಪದರ ಕಳೆ ಬೆಳೆದಂತೆ ಬೆಳೆದು ಕ್ಯಾನ್ಸರಿಗೆ ತಿರುಗುವ ಸಂಭವ ನಾಲ್ಕು ಪಟ್ಟಿಗೂ ಹೆಚ್ಚುತ್ತದೆ. ಇದನ್ನು ತಡೆಯಲು ಪ್ರೊಜೆಸ್ಟರೋನ್ ಎಂಬ ಎರಡನೆಯ ಹಾರ್ಮೋನನ್ನು ಜೊತೆಗೆ ಕೊಡಬೇಕು. ಗರ್ಭಕೋಶ ತೆಗೆಸಿದವರಿಗೆ ಸಾಮಾನ್ಯವಾಗಿ ಈಸ್ಟ್ರೊಜೆನ್ ಒಂದೇ ಸಾಕು. ಒಬ್ಬರಿಗೆ ಬರೆದ ಗುಳಿಗೆಯನ್ನು ನೆರೆಮನೆಯವರು ಎರವಲು ತೆಗೆದುಕೊಳ್ಳಬಾರದೆಂಬುದು ಇದಕ್ಕೇ.

ಮೂರನೆಯದು 2002ರದು. ಈಸ್ಟ್ರೊಜೆನ್ ನುಂಗಿದರೆ ಮುಪ್ಪು ಬಾರದು, ಹೃದಯಕ್ಕೂ ಒಳ್ಳೆಯದು ಎಂಬ ಪ್ರಚಾರವಿತ್ತು. ಅಮೆರಿಕ ಸರ್ಕಾರ 50ರಿಂದ 79 ವಯಸ್ಸಿನ 16,608 ಹೆಂಗಸರ ಮೇಲೆ ಪರೀಕ್ಷೆ ನಡೆಸಿತು. ಅರ್ಧದಷ್ಟು ಮಂದಿಗೆ ಎರಡು ಹಾರ್ಮೋನು ಸೇರಿದ ಗುಳಿಗೆ, ಉಳಿದವರಿಗೆ ಬರಿಯ ಹುಸಿ ಗುಳಿಗೆ. ಫಲವನ್ನು 10,000 ಹೆಂಗಸರಿಗೆ ಒಂದು ವರ್ಷದ ಲೆಕ್ಕದಲ್ಲಿ ನೋಡೋಣ. ಎದೆಯ ಕ್ಯಾನ್ಸರು ಹುಸಿ ಗುಳಿಗೆಯವರಲ್ಲಿ 30, ಔಷಧದವರಲ್ಲಿ 38. ಲಕ್ವ 21ರಿಂದ 29ಕ್ಕೆ ಏರಿತು. ಹೃದಯಾಘಾತ ಮುಂತಾದವು 30ರಿಂದ 37ಕ್ಕೆ. ತೊಡೆಯ ಮೂಳೆ ಮುರಿತ ಮಾತ್ರ 15ರಿಂದ 10ಕ್ಕೆ ಇಳಿಯಿತು. ನಷ್ಟ ಹೆಚ್ಚೆಂದು ಕಂಡು ಪರೀಕ್ಷೆಯನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ಗರ್ಭಕೋಶವಿಲ್ಲದವರಿಗೆ ಈಸ್ಟ್ರೊಜೆನ್ ಒಂದನ್ನೇ ಕೊಟ್ಟ ಇನ್ನೊಂದು ಪರೀಕ್ಷೆಯನ್ನು 2004ರಲ್ಲಿ ನಿಲ್ಲಿಸಿದರು. ಅದರಲ್ಲಿ ಲಕ್ವ ಹೆಚ್ಚಿತ್ತು. ಎದೆಯ ಕ್ಯಾನ್ಸರು ಹೆಚ್ಚಲಿಲ್ಲ.

ಈ ಸುದ್ದಿ ಕೇಳಿ ಲೋಕದಲ್ಲೆಲ್ಲ ಹೆಂಗಸರು ಹೆದರಿ ಔಷಧ ಬಿಟ್ಟರು. ಆಮೇಲೆ ಲೆಕ್ಕವನ್ನು ವಯಸ್ಸಿಗೆ ತಕ್ಕಂತೆ ಬಿಡಿಸಿ ನೋಡಿದಾಗ, ಪರೀಕ್ಷೆಯಲ್ಲಿದ್ದವರ ಸರಾಸರಿ ವಯಸ್ಸು 63 ಎಂಬುದು ಮುಖ್ಯವಾಗಿ ಕಂಡಿತು. 60ರ ಒಳಗಿನವರಿಗೆ, ಮುಟ್ಟು ನಿಂತು 10 ವರ್ಷ ಮೀರದವರಿಗೆ ಅಪಾಯ ಕಡಿಮೆ. ತೊಂದರೆ ಬಲವಾಗಿದ್ದರೆ ಲಾಭವೇ ಹೆಚ್ಚು. ಬಿತ್ತನೆಗೆ ಹದ ಇರುವಂತೆ ಈ ಔಷಧಕ್ಕೂ ಹದವಾದ ಕಾಲವುಂಟು. ಮೂವತ್ತರಲ್ಲಿ ಅಂಡಾಶಯ ಕಳೆದುಕೊಂಡವಳಿಗೆ ಈ 63ರವರ ಲೆಕ್ಕವನ್ನು ಅನ್ವಯಿಸಿ ಔಷಧ ತಪ್ಪಿಸುವುದು ಸರಿಯಲ್ಲ.

ಇನ್ನೊಂದು ಮಾತು. ಗಿಡಮೂಲಿಕೆಯಾದರೆ ಏನೂ ಆಗದೆಂದು ನಂಬಿ ಹಾರ್ಮೋನಿನ ಹೆಸರಿನ ಪುಡಿ ಲೇಹ್ಯಗಳನ್ನು ಕೊಳ್ಳುವವರುಂಟು. 1940ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯದಲ್ಲಿ ಒಂದು ಜಾತಿಯ ಕ್ಲೋವರ್ ಮೇವನ್ನು ಮೇಯ್ದ ಕುರಿಗಳು ಹಿಂಡುಹಿಂಡಾಗಿ ಗಬ್ಬ ನಿಲ್ಲದೆ ಬರಡಾದವು. ಆ ಮೇವಿನಲ್ಲಿ ಈಸ್ಟ್ರೊಜೆನ್‌ನಂತೆ ಕೆಲಸ ಮಾಡುವ ವಸ್ತುವಿತ್ತು. ಸಸ್ಯದಿಂದ ಬಂದುದೆಲ್ಲ ನಿರಪಾಯವಲ್ಲವೆಂದು ಕುರಿ ಸಾಕುವವರಿಗೆ ಬೇರೆ ಹೇಳಬೇಕಿಲ್ಲ.

ಯಾರು ತೆಗೆದುಕೊಳ್ಳಬಾರದು?

ಎದೆಯ ಕ್ಯಾನ್ಸರು ಆಗಿರುವವರು, ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಲಕ್ವ, ಹೃದಯಾಘಾತ ಆದವರು, ಪಿತ್ತಜನಕಾಂಗದ ಕಾಯಿಲೆ ಇರುವವರು, ಕಾರಣ ತಿಳಿಯದ ರಕ್ತಸ್ರಾವ ಇರುವವರು, ಬಸುರಿಯರು. ಇವರಿಗೆ ಸಾಮಾನ್ಯವಾಗಿ ಈಸ್ಟ್ರೊಜೆನ್ ಗುಳಿಗೆ ಸಲ್ಲದು. ಇವರು ತಮ್ಮ ಹಿಂದಿನ ಕಾಯಿಲೆಯನ್ನು ವೈದ್ಯರಿಂದ ಮುಚ್ಚಿಡಬಾರದು. ರಕ್ತದೊತ್ತಡ ಇರುವವರು ಅದನ್ನು ಮೊದಲು ಹತೋಟಿಗೆ ತರಬೇಕು. ಬೀಡಿ ಸೇದುವ 35 ದಾಟಿದ ಹೆಂಗಸರು ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಗುಳಿಗೆಯನ್ನು ನುಂಗಬಾರದು. ಮೈಗೆ ಅಂಟಿಸುವ ಪಟ್ಟಿ ಅಥವಾ ಚರ್ಮಕ್ಕೆ ಹಚ್ಚುವ ಜೆಲ್ ಹೊಟ್ಟೆಗೆ ನುಂಗುವ ಗುಳಿಗೆಗಿಂತ ರಕ್ತವನ್ನು ಕಡಿಮೆ ಹೆಪ್ಪುಗಟ್ಟಿಸುತ್ತವೆ. ಯಾವುದು ತಕ್ಕುದೆಂಬುದನ್ನು ವೈದ್ಯರು ನಿಶ್ಚಯಿಸುತ್ತಾರೆ.

ಔಷಧ ತೆಗೆದುಕೊಳ್ಳುವವರು ಗಮನಿಸಬೇಕಾದ ಅಂಶಗಳು

1. ವೈದ್ಯರು ಹೇಳಿದ ಪ್ರಮಾಣವನ್ನು ಮೀರಬಾರದು. ತಾನಾಗಿ ನಿಲ್ಲಿಸಲೂ ಬಾರದು. ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡ ಮತ್ತು ಎದೆಯ ತಪಾಸಣೆ ಮಾಡಿಸಿಕೊಳ್ಳಬೇಕು.

2. ಒಂದು ಕಾಲಿನ ಮೀನಖಂಡ ಊದಿ ನೋಯುವುದು, ಎದೆನೋವು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಬಾಯಿ ಸೊಟ್ಟಗಾಗುವುದು, ಕೈಕಾಲು ಸೋಲುವುದು, ಮಾತು ತೊದಲುವುದು, ಸಿಡಿಯುವ ತಲೆನೋವು, ಕಣ್ಣು ಮಂಜಾಗುವುದು ಇವುಗಳಲ್ಲಿ ಒಂದು ಕಂಡರೂ ತಡಮಾಡದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಬೇಕು.

3. ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಮತ್ತೆ ಒಂದು ಹನಿ ರಕ್ತ ಕಂಡರೂ ಅದನ್ನು ಮುಟ್ಟೆಂದು ತಿಳಿದು ಸುಮ್ಮನಿರಬಾರದು. ಔಷಧ ತೆಗೆದುಕೊಳ್ಳಲಿ ಬಿಡಲಿ, ಪರೀಕ್ಷೆ ಮಾಡಿಸಲೇಬೇಕು.

4. ಮುಟ್ಟು ನಿಲ್ಲುವ ಕಾಲದ ಹಾರ್ಮೋನು ಗುಳಿಗೆ ಗರ್ಭನಿರೋಧಕವಲ್ಲ. ಎರಡನ್ನೂ ಒಂದೆಂದು ತಿಳಿಯಬಾರದು.

5. ಮೂಳೆಗೆ ಬರಿಯ ಗುಳಿಗೆ ಸಾಲದು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಯಾವ ಧಾನ್ಯದಲ್ಲಿಯೂ ಇಷ್ಟಿಲ್ಲ. ಮುದ್ದೆ, ಮಜ್ಜಿಗೆ, ಸೊಪ್ಪು ಇವು ಮನೆಯ ಗಂಡಸರಿಗೆ ಬಡಿಸಿ ಉಳಿದದ್ದಾಗಬಾರದು. ಬಡಿಸುವವಳ ತಟ್ಟೆಯಲ್ಲಿಯೂ ಅಷ್ಟೇ ಇರಬೇಕು. ನಡೆದಾಡುವ ದುಡಿಮೆ ಮೂಳೆಯನ್ನು ಬಲಪಡಿಸುತ್ತದೆ. ಆದರೆ ಎಳೆಯ ವಯಸ್ಸಿನಲ್ಲಿ ಅಂಡಾಶಯ ಹೋದವರಿಗೆ ರಾಗಿ ಒಂದೇ ಹಾರ್ಮೋನಿನ ಜಾಗವನ್ನು ತುಂಬಲಾರದು.

6. ಕ್ಯಾನ್ಸರಿನ ಭಯವಿದ್ದರೆ ಗರ್ಭಕೋಶ ತೆಗೆಸುವುದು ದಾರಿಯಲ್ಲ. ಪರೀಕ್ಷೆ ಮಾಡಿಸುವುದು ದಾರಿ. 30 ದಾಟಿದ ಹೆಂಗಸರ ಗರ್ಭಕೋಶದ ಬಾಯಿಯನ್ನೂ ಎದೆಯನ್ನೂ ಪರೀಕ್ಷಿಸುವ ಕಾರ್ಯಕ್ರಮ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿದೆ. ಯಾವ ದಿನ ಹೋಗಬೇಕೆಂದು ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.

ಹಸುವಿಗೆ ಮೈ ಸರಿಯಿಲ್ಲದಿದ್ದರೆ ನಮ್ಮ ರೈತರು ನಾಲ್ಕು ಮಂದಿಯನ್ನು ಕೇಳುತ್ತಾರೆ, ಪಶುವೈದ್ಯರನ್ನು ಕರೆಸುತ್ತಾರೆ, ಏನು ಕೊಟ್ಟರೆಂದು ವಿಚಾರಿಸುತ್ತಾರೆ. ಅಷ್ಟೇ ವಿಚಾರಣೆ ಮನೆಯ ಹೆಂಗಸರ ವಿಷಯದಲ್ಲಿಯೂ ನಡೆಯಬೇಕು. ಮಹಿಳಾ ಸ್ವಸಹಾಯ ಸಂಘಗಳ ಮುಂದಿನ ಸಭೆಯಲ್ಲಿ ಈ ಲೇಖನವನ್ನು ಒಬ್ಬರು ಗಟ್ಟಿಯಾಗಿ ಓದಿ, ಊರಿನಲ್ಲಿ ಗರ್ಭಕೋಶ ತೆಗೆಸಿಕೊಂಡವರು ಎಷ್ಟು ಮಂದಿ, ಅವರಲ್ಲಿ ಅಂಡಾಶಯ ಉಳಿದಿದೆಯೋ ಇಲ್ಲವೋ ಎಂದು ಬಲ್ಲವರು ಎಷ್ಟು ಮಂದಿ ಎಂದು ವಿಚಾರಿಸಿ ನೋಡಲಿ. ತಿಳಿಯದವರು ತಮ್ಮ ಚೀಟಿಯೊಡನೆ ಈ ವಾರವೇ ಆರೋಗ್ಯ ಕೇಂದ್ರಕ್ಕೆ ಹೋಗಿಬರಲಿ.